ಹಿತ್ತಲ ಬಾಗಿಲಿನ ಅಕ್ಕೋರು

ಅಕ್ಕೋರು ಯಾರ ಮನೆಗೂ ಮುಂಬಾಗಿಲಿನಿಂದ ಹೋದದ್ದನ್ನು ನಾನು ನೋಡಿಲ್ಲ. ಜಗಲಿಯ ಮೇಲೆ ಪೇಪರು ಓದುತ್ತ ಕೂತ ಯಜಮಾನರಿಗೆ ಒಂದು ನಮಸ್ಕಾರ ಹೇಳಿ, ಅವರು ಕೂರಲು ಹೇಳುವಷ್ಟರಲ್ಲಿ ಮನೆಯ ಮಗ್ಗುಲಿಗೆ ತಿರುಗಿ, ಬಚ್ಚಲೊಲೆಯ ಹೊಗೆ ದಾಟಿ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಫಾರಮ್ಮುಗಳ ಕಟ್ಟು ಹಿಡಿದ ನಾನು ಅಂಗಳದಲ್ಲೇ ಪೆಚ್ಚಾಗಿ ನಿಲ್ಲುತ್ತಿದ್ದೆ. "ಮುಂದಿನ ಬಾಗಲಾಗ ಹೋದ್ರ ಗಂಡಸರು ಮಾತಾಡ್ತಾರ. ಹೆಂಗಸರ ಮಾತು ಬೇಕಂದ್ರ ಹಿತ್ತಲಕ್ಕ ಬರಬೇಕು ತಂಗಿ" ಎಂದು ಮೊದಲ ದಿನವೇ ನನಗೆ ಪಾಠ ಹೇಳಿದ್ದರು.

ಕಳೆದ ತಿಂಗಳು ಅಕ್ಕೋರು ತೀರಿಕೊಂಡರು. ಅವರ ಮಣ್ಣಿಗೆಂದು ಬನವಾಸಿ ಕಡೆಯ ಅವರ ಊರಿಗೆ ಹೋದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿದ್ದಾಪುರದಿಂದ, ಯಲ್ಲಾಪುರದಿಂದ ಟೆಂಪೋ ಮಾಡಿಕೊಂಡು ಹೆಂಗಸರು ಬಂದಿದ್ದರು. ಒಬ್ಬರಿಗೊಬ್ಬರ ಪರಿಚಯವಿಲ್ಲ. ಗೌಡರ ಮನೆಯವರು, ಹೆಗಡೆಯವರ ಮನೆಯವರು, ಕೂಲಿಗೆ ಹೋಗುವವರು, ಎಲ್ಲರೂ ಒಂದೇ ಕಡೆ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಅಕ್ಕೋರ ತಮ್ಮ ನನ್ನ ಹತ್ತಿರ ಬಂದು, "ಇವರೆಲ್ಲ ಯಾರ್ರಿ? ನಮ್ಮ ಬಳಗದಾಗ ಇವರ್‍ಯಾರೂ ಇಲ್ಲಲ್ರಿ" ಎಂದರು. "ಅಕ್ಕೋರ ಬಳಗದವರು" ಅಂದೆ.

ನಮ್ಮ ಕಡೆ ಅಕ್ಕೋರು ಎಂದರೆ ಕನ್ನಡ ಶಾಲೆಯಲ್ಲಿ ಕಲಿಸುವವರು. ಇವರು ಶಾಲೆಯ ಮೆಟ್ಟಿಲು ಹತ್ತಿ ಕಲಿಸಿದವರಲ್ಲ. ಸರಕಾರಿ ನರ್ಸ್ ಆಗಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳನ್ನು ಸುತ್ತಿ, ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ನಮ್ಮ ಆರೋಗ್ಯ ಅಧ್ಯಯನಕ್ಕೆ ಸೇರಿಕೊಂಡವರು. ಜನ ಯಾಕೆ ಅಕ್ಕೋರು ಎಂದು ಕರೆದರೋ ಗೊತ್ತಿಲ್ಲ. ಬೈಯುವ ರೀತಿ ನೋಡಿಯೇ ಇರಬೇಕು.

ಅಧ್ಯಯನದಲ್ಲಿ ಎರಡು ಭಾಗ. ಮೂವತ್ತರಿಂದ ಅರವತ್ತೈದು ವರ್ಷದೊಳಗಿನ ಹೆಂಗಸರನ್ನು ಶಿಬಿರಕ್ಕೆ ಕರೆತಂದು, ಗರ್ಭಕಂಠದ ಕ್ಯಾನ್ಸರ್ ಬೆಳೆಯುವ ಮೊದಲೇ ಅದರ ಸುಳಿವು ಹಿಡಿಯುವ ತಪಾಸಣೆ ಒಂದು. ಬಿಪಿ, ಶುಗರು ಎಂದು ವರ್ಷಗಟ್ಟಲೆ ಗುಳಿಗೆ ನುಂಗುತ್ತಿರುವ ವಯಸ್ಸಾದವರು ಎಷ್ಟು ನೆಮ್ಮದಿಯಿಂದ ಇದ್ದಾರೆಂದು ಕೇಳಿ ಬರೆದುಕೊಳ್ಳುವುದು ಇನ್ನೊಂದು. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ ನಾನು, ಪ್ರಶ್ನೆ ಕೇಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದುಕೊಂಡಿದ್ದೆ. ನನ್ನ ಜೋಡಿಯಾಗಿ ಅಕ್ಕೋರನ್ನು ಕಳಿಸಿದರು. ನನ್ನನ್ನು ಅವರ ಜೋಡಿಯಾಗಿ ಕಳಿಸಿದ್ದು ಎಂದು ತಿಳಿಯಲು ಒಂದು ವಾರ ಬೇಕಾಯಿತು.

ಹೇರೂರಿನ ಒಂದು ಮನೆ ನೆನಪಾಗುತ್ತದೆ. ಅಲ್ಲಿಯ ಅಜ್ಜಿಯನ್ನು ನಾನು ಕ್ರಮವಾಗಿ ಕೇಳುತ್ತ ಹೋದೆ. ಕಳೆದ ಒಂದು ತಿಂಗಳಲ್ಲಿ ಮನಸ್ಸಿಗೆ ಬೇಸರ ಅನಿಸಿದೆಯೇ? ನಿದ್ದೆ ಬರುತ್ತದೆಯೇ? ಅಜ್ಜಿ ಎಲ್ಲದಕ್ಕೂ ತನ್ನ ಮನೆಮಾತಿನಲ್ಲಿ, "ಎಂಗೆಂತ ಆಯ್ದು? ಆರಾಮಿದ್ದಿ" ಎಂದಿತು. ನನಗೇನಾಗಿದೆ, ಆರಾಮಾಗಿದ್ದೇನೆ ಎಂದು. ನಾನು ಚಕಚಕನೆ ಗುರುತು ಹಾಕಿದೆ. ಅಕ್ಕೋರು ಅಷ್ಟು ಹೊತ್ತೂ ಹಿತ್ತಲ ಕಟ್ಟೆಯ ಮೇಲೆ ಕೂತು ಅವರ ಮನೆಯ ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಬಸಳೆ ದಂಟು ಎಳೆಯದೋ ಬಲಿತದ್ದೋ ಎಂದು ಮಾತು ತೆಗೆದರು. ಅಲ್ಲಿಂದ ಮಾತು ಅಜ್ಜಿಯ ಹಲ್ಲಿಗೆ ಹೋಯಿತು, ಹಲ್ಲಿನಿಂದ ಊಟಕ್ಕೆ, ಊಟದಿಂದ ಒಬ್ಬಳೇ ಕೂತು ಉಣ್ಣುವ ಬೇಸರಕ್ಕೆ. ಬಸಳೆ ಮುಗಿಯುವ ಹೊತ್ತಿಗೆ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿತ್ತು. ಬಸ್ಸಿಗೆ ಕಾಯುವಾಗ ಅಕ್ಕೋರು, "ಆ ಫಾರಂ ಹರಿದು ಹಾಕಿ ಬ್ಯಾರೇದು ಬರಿ. ಕೈ ಖಾಲಿ ಇಟ್ಕೊಂಡು ಕೇಳಿದ್ರ ಪೊಲೀಸರು ಕೇಳಿದಂಗ ಆಗ್ತೈತಿ" ಎಂದರು. ನನಗೆ ಸಿಟ್ಟು ಬಂದಿತ್ತು. ಆದರೂ ಹರಿದು ಬೇರೆ ಬರೆದೆ.

ಶಿಬಿರಗಳಿಗೆ ಅವರು ಎರಡು ಹಳೆ ಸೀರೆ ತರುತ್ತಿದ್ದರು. ನಿಲ್ಕುಂದದ ಶಾಲೆಯಲ್ಲಿ ಮೊದಲ ಸಲ ನೋಡಿದೆ. ತಪಾಸಣೆಯ ಮೇಜಿನ ಸುತ್ತ ಆಸ್ಪತ್ರೆಯ ಪರದೆ ಇದ್ದರೂ ಅದರ ಮೇಲೆ ಒಂದು ಸೀರೆ, ಸೀರೆಯ ಮೇಲೆ ಇನ್ನೊಂದು ಸೀರೆ ಕಟ್ಟಿದರು. "ಒಂದರಾಗ ನೆರಳು ಕಾಣ್ತೈತಿ. ನೆರಳು ಕಂಡ್ರ ಸರದಿಯಾಗ ಕೂತಾಕಿ ಎದ್ದು ಮನಿಗೆ ಹೋಗ್ತಾಳ." ಪರೀಕ್ಷೆಯ ಉಪಕರಣ ತಣ್ಣಗೆ ತಾಗದಿರಲೆಂದು ಬಿಸಿನೀರಿನಲ್ಲಿ ಅದ್ದಿ, ಆ ನೀರಿನ ಹನಿಯೊಂದನ್ನು ತಮ್ಮ ಮುಂಗೈಗೆ ಬಿಟ್ಟು ನೋಡಿಯೇ ಡಾಕ್ಟರ ಕೈಗೆ ಕೊಡುತ್ತಿದ್ದರು. ನೋವಾಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಅಕ್ಕೋರು ಸುಳ್ಳು ಹೇಳಿದವರಲ್ಲ. "ಮುಜುಗರ ಆಗ್ತೈತ್ರಿ. ನಾಕು ನಿಮಿಷ. ಹುಳಿನೀರು ಹಚ್ಚಿ ನೋಡ್ತಾರ, ಬೆಳ್ಳಗ ಕಂಡ್ರ ಮುಂದಿಂದು ನೋಡೂಣು. ಕಣ್ಣು ಮುಚ್ಚಬ್ಯಾಡ್ರಿ, ನನ್ನ ಮಾರಿ ನೋಡ್ರಿ" ಎನ್ನುತ್ತ ತಲೆಯ ಬದಿಗೆ ನಿಲ್ಲುತ್ತಿದ್ದರು. ಆ ನಾಲ್ಕು ನಿಮಿಷ ಮೂರು ತಾಲೂಕಿನ ಎಷ್ಟು ಹೆಂಗಸರು ಅವರ ಮುಖವನ್ನೇ ನೋಡುತ್ತ ಮಲಗಿದ್ದರೋ ದೇವರೇ ಬಲ್ಲ. ಮಣ್ಣಿಗೆ ಬಂದಿದ್ದವರಲ್ಲಿ ಹೆಚ್ಚಿನವರು ಅವರೇ.

ಹಾಗೆಂದು ಅವರೊಡನೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ. ನಮಗೆ ಕೊಟ್ಟ ಟ್ಯಾಬನ್ನು ಅವರು 'ಹಲಗಿ' ಎನ್ನುತ್ತಿದ್ದರು, ಮುಟ್ಟುತ್ತಿರಲಿಲ್ಲ. ವರದಿ ಎಂದೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ಫಾರಮ್ಮಿನ ಅಂಚಿನಲ್ಲೆಲ್ಲ ಏನೇನೋ ಬರೆದಿಡುತ್ತಿದ್ದರು. ಅದನ್ನು ಬಿಡಿಸಿ ಕಂಪ್ಯೂಟರಿಗೆ ಹಾಕುವ ಹಣೆಬರಹ ನನ್ನದು. ನಾಲ್ಕು ಜನರ ಎದುರಿಗೇ ನನ್ನನ್ನು ಗದರುತ್ತಿದ್ದರು. ಶುಗರು ಇದ್ದರೂ ಎರಡು ಚಮಚ ಸಕ್ಕರೆ ಹಾಕಿಸಿಕೊಂಡು ಚಹಾ ಕುಡಿದು, ಮುಂದಿನ ಮನೆಯಲ್ಲಿ ಸಕ್ಕರೆ ಬಿಡಿರೆಂದು ಉಪದೇಶ ಮಾಡುತ್ತಿದ್ದರು. ನಾನು ಒಮ್ಮೆ ಕೇಳಿದ್ದಕ್ಕೆ, "ನನ್ನ ಮಾತು ಕೇಳ್ರಿ ಅಂತೀನಿ, ನನ್ನ ನೋಡಿ ಕಲೀರಿ ಅಂದೀನೇನು?" ಎಂದರು.

ಇನ್ನು ನನ್ನ ಮನೆಯ ಸಂಗತಿ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಅಕ್ಕೋರ ವಿಷಯ ಬರೆದಂತಾಗುವುದಿಲ್ಲ.

ಶಿರಸಿ ಪೇಟೆಯಲ್ಲಿ ನಮ್ಮ ಮನೆ. ನನ್ನ ಗಂಡನಿಗೆ ಝೆರಾಕ್ಸ್ ಅಂಗಡಿ. ಜೊತೆಗೆ ಅತ್ತೆ. ಎಪ್ಪತ್ತೆರಡಾದರೂ ಅಡಿಗೆಮನೆಯ ಯಜಮಾನಿಕೆ ಬಿಟ್ಟುಕೊಟ್ಟವರಲ್ಲ. ಮಡಿ, ಮುಟ್ಟು, ಮೈಲಿಗೆ ಎಲ್ಲ ಬಿಗಿಯಾಗಿ ನಡೆಸಿಕೊಂಡು ಬಂದವರು. ನಾನು ಮದುವೆಯಾಗಿ ಬಂದಾಗ ತಿಂಗಳಿಗೆ ಮೂರು ದಿನ ಹಿತ್ತಲ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ಲೋಟ ಇಟ್ಟುಕೊಂಡು ಹೊರಗೆ ಕೂರಬೇಕಾಗಿತ್ತು. ಕೆಲಸಕ್ಕೆ ಸೇರಿದ ಮೇಲೆ ಜಗಳವಾಡಿ ಅದನ್ನು ಬಿಟ್ಟೆ. ಅತ್ತೆ ತಿಂಗಳುಗಟ್ಟಲೆ ಮುಖ ದಪ್ಪ ಮಾಡಿಕೊಂಡು, ಆಮೇಲೆ ಸುಮ್ಮನಾದರು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅತ್ತೆ ಒಂದು ಬೆಳಿಗ್ಗೆ, "ಎಂಗೆ ಮೂರು ದಿನ ವ್ರತ. ಒಲೆ ಬದಿಗೆ ಬತ್ನಿಲ್ಲೆ. ನೀನೇ ನೋಡ್ಕ" ಎಂದು ಹಿತ್ತಲ ಜಗಲಿಗೆ ಹೋಗಿ ಕೂತರು. ಎರಡು ವಾರ ಕಳೆದ ಮೇಲೆ ಮತ್ತೆ ವ್ರತ. ಆಮೇಲೆ ಮತ್ತೆ. ನನಗೆ ಒಳಗೊಳಗೇ ಖುಷಿ. ಅಂತೂ ಅತ್ತೆ ಅಡಿಗೆಮನೆ ಬಿಟ್ಟುಕೊಟ್ಟು ದೇವರು ದಿಂಡರು ಎಂದು ವಿಶ್ರಾಂತಿಗೆ ಹೊರಟರಲ್ಲ! ಅದೇ ಹೊತ್ತಿಗೆ ವಯಸ್ಸಾದವರ ಫಾರಮ್ಮಿನಲ್ಲಿ ಶಿರಸಿ ಪೇಟೆಯ ಲೆಕ್ಕಕ್ಕೆ ಒಂದು ಕಮ್ಮಿ ಬಿದ್ದಿತ್ತು. ಅತ್ತೆಗೆ ಬಿಪಿ ಇತ್ತು. ಅವರನ್ನೇ ಸೇರಿಸಿದೆ. ಒಂದು ಕಡೆ ಸಾರಿಗೆ ಒಗ್ಗರಣೆ ಹಾಕುತ್ತ ಕೇಳಿದೆ. ಕೇಳದೆಯೂ ಕೆಲವು ಬರೆದೆ. ಮನೆಗೆಲಸದಿಂದ ಬಿಡುವು ಸಿಗುತ್ತದೆಯೇ? ಯಾವಾಗಲೂ. ವ್ರತ, ಪೂಜೆಗಳಲ್ಲಿ ತೊಡಗುತ್ತೀರಾ? ಆಗಾಗ. ಮೂರು ತಾಲೂಕುಗಳಲ್ಲಿ ಅಷ್ಟು ಒಳ್ಳೆಯ ಅಂಕ ಬಂದ ಫಾರಂ ಇನ್ನೊಂದಿರಲಿಲ್ಲ.

ಅಕ್ಕೋರು ಒಂದು ಮಧ್ಯಾಹ್ನ ತಮ್ಮ ಫಾರಮ್ಮುಗಳನ್ನು ಕೊಡಲು ಬಂದರು. ನಮ್ಮ ಮನೆಗೂ ಹಿತ್ತಲಿನಿಂದಲೇ. ನಾನು ಚಹಾ ತರುವಷ್ಟರಲ್ಲಿ ಅವರ ಮುಖ ಬೇರೆಯಾಗಿತ್ತು. ನನ್ನನ್ನು ಬಾವಿಕಟ್ಟೆಯ ಆಚೆ ಕರೆದುಕೊಂಡು ಹೋಗಿ ಕೇಳಿದರು.

"ನಿಮ್ಮತ್ತಿ ಯಾಕ ಅಲ್ಲಿ ಕೂತಾರ?"

"ವ್ರತ ಅಕ್ಕೋರೆ. ಈಗೀಗ ಬಹಳ ಹಿಡಿತಾರೆ."

"ವ್ರತ ಹಿಡದಾಕಿ ದೇವರ ಕೋಣಿ ಬಾಗಲಾಗ ಕೂಡ್ತಾಳ. ಹಿತ್ತಲದಾಗ ಕೂಡಾಂಗಿಲ್ಲ. ದಾಸವಾಳ ನೋಡು, ಗಿಡದಾಗ ಹಂಗ ಬಾಡ್ಯಾವು. ದಿನಾ ಹೂವು ಕೊಯ್ಯಾಕಿ ವ್ರತದಾಗ ಕೊಯ್ಯೂದಿಲ್ಲೇನು? ತನ್ನ ಲೋಟ ತಾನ ತೊಳದು ದೂರ ಬೋರಲು ಹಾಕ್ಯಾಳ. ಅವರು ಹೊರಗ ಕೂತಾರವಾ."

ನನಗೆ ತಕ್ಷಣ ತಲೆಗೆ ಹೋಗಲಿಲ್ಲ. ಆಮೇಲೆ ಹೊಳೆಯಿತು. ಮುಟ್ಟು ನಿಂತು ಇಪ್ಪತ್ತು ವರ್ಷವಾದ ಮೇಲೆ ಅತ್ತೆಗೆ ಮತ್ತೆ ರಕ್ತ ಹೋಗುತ್ತಿತ್ತು. ಯಾರಿಗೂ ಹೇಳಲು ನಾಚಿಕೆ. ಆದರೆ ಆ ಮೈಯಲ್ಲಿ ಒಲೆಯ ಹತ್ತಿರ, ದೇವರ ಹತ್ತಿರ ಹೋಗಲು ಮನಸ್ಸು ಒಪ್ಪದು. ಹಾಗಾಗಿ ವ್ರತದ ಹೆಸರು ಹೇಳಿ ಹೊರಗೆ ಕೂತಿದ್ದರು. ಬೇರೆಯವರ ಮನೆಯಲ್ಲಿ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡಬೇಡಿ ಎಂದು ಚಿತ್ರ ತೋರಿಸಿ ಹೇಳುತ್ತಿದ್ದ ನಾನು, ನನ್ನ ಮನೆಯಲ್ಲಿ ಅದನ್ನು ನೆಮ್ಮದಿ ಎಂದು ಬರೆದುಕೊಂಡಿದ್ದೆ.

ಅಕ್ಕೋರು ಹೋಗಿ ಅತ್ತೆಯ ಚಾಪೆಯ ಮೇಲೆಯೇ ಕೂತರು. ಕೈ ಹಿಡಿದುಕೊಂಡರು.

"ಅಯ್ಯೋ, ಮುಟ್ಟಡಿ ಅಕ್ಕೋರೆ! ನಿಂಗೆ ಮೀಯಕ್ಕಾಗ್ತು."

"ಮನಿಗೆ ಹೋಗಿ ಮೀತೀನಿ ಬಿಡ್ರಿ ಅಮ್ಮಾರೆ, ನೀರಿಗೇನು ಬರ ಇಲ್ಲ. ಎಷ್ಟು ದಿನಾತ್ರಿ ಹಿಂಗ ಕೂಡಾಕ ಹತ್ತಿ?"

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ, "ಶಿವರಾತ್ರಿಯಿಂದ. ಮಗಂಗೆ ಹೇಳಡಿ" ಎಂದು, ಮಗನಿಗೆ ತಿಳಿಯಬಾರದೆಂದು ಬೇಡಿಕೊಂಡರು.

ಆಗ ನಾನು ಆಡಿದ ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಗಾಬರಿಯಲ್ಲಿ ನಾನು, "ಆದರೆ ಅಕ್ಕೋರೆ, ನಮ್ಮ ಶಿಬಿರಕ್ಕೆ ಅರವತ್ತೈದರವರೆಗೆ ಮಾತ್ರ..." ಎಂದೆ. ಅವರು ಎಲ್ಲರೆದುರು ಗದರುವವರು, ಅಂದು ಗದರಲಿಲ್ಲ. ಬಸ್ ನಿಲ್ದಾಣದವರೆಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತ ಹೇಳಿದರು.

"ಅರಬೈಲ್ ಘಟ್ಟದ ಬದಿಗೆ ಒಬ್ಬಾಕಿ ಇದ್ಲು. ಹಿಂದಕ ಒಂದು ಶಿಬಿರಕ್ಕ ತಾನ ನಡಕೊಂತ ಬಂದಿದ್ಲು. ನಾ ಹಾಳಿ ನೋಡಿ, ನಿಮಗ ವಯಸ್ಸು ದಾಟೇತ್ರಿ, ನಿಮಗ ಬೇಕಾಗಿಲ್ಲ ಅಂತ ಚಾ ಕುಡಿಸಿ ಕಳಿಸಿದೆ. ಅಷ್ಟು ದೂರ ಯಾಕ ನಡದು ಬಂದೀರಿ ಅಂತ ಕೇಳಲಿಲ್ಲ. ಎರಡು ಮಳಿಗಾಲ ದಾಟಲಿಲ್ಲ ಆಕಿ. ಆ ವಯಸ್ಸಿನ ಲೆಕ್ಕ ಆರಾಮ ಇದ್ದೋರನ್ನ ತಪಾಸಣಿ ಮಾಡಾಕ. ರಕ್ತ ಹೋಗೋರಿಗೆ ಅಲ್ಲ. ನನಗದು ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ."

ಆ ಹೆಂಗಸಿನ ಹೆಸರು ಹೇಳಿದರು. ಮನೆಯ ಗುರುತು ಹೇಳಿದರು. ಇಷ್ಟು ಜನರನ್ನು ಉಳಿಸಿದೆ ಎಂದು ಅವರು ಎಂದೂ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಈ ಒಬ್ಬಳ ವಿಷಯ ಮಾತ್ರ ಹೇಳಿದರು.

ಅತ್ತೆ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. "ಎಪ್ಪತ್ತೆರಡಾತು. ಈ ವಯಸ್ಸಲ್ಲಿ ಹೋಗಿ ಮಲಗಿ ಆ ಪರೀಕ್ಷೆ ಎಲ್ಲ ಮಾಡ್ಸಕಂಬ್ದು ಎಂತಕ್ಕೆ? ಆನು ಹೀಂಗೇ ಹೋಗ್ತೆ" ಎಂದು ಹಟ ಹಿಡಿದರು. ನಾನು ಅತ್ತುಕರೆದೆ, ಬೇಡಿದೆ, ಹೆದರಿಸಿದೆ. ಯಾವುದಕ್ಕೂ ಜಗ್ಗಲಿಲ್ಲ. ಅಕ್ಕೋರು ದಿನಾ ಮೂರೂವರೆಯ ಬಸ್ಸಿಗೆ ಬಂದು, ಅದೇ ಚಾಪೆಯ ಮೇಲೆ ಕೂತು, ರೋಗದ ಸುದ್ದಿಯನ್ನೇ ಎತ್ತದೆ ಹೋಗುತ್ತಿದ್ದರು. ನನಗೆ ಒಳಗೆ ಕುದಿಯುತ್ತಿತ್ತು. ದಿನಗಳು ಹೋಗುತ್ತಿವೆ, ಈ ಹೆಂಗಸು ಬೆಕ್ಕಿನ ಮರಿಯ ಸುದ್ದಿ ಮಾತಾಡುತ್ತಿದೆ ಎಂದು.

ಐದನೆಯ ದಿನವೋ ಆರನೆಯ ದಿನವೋ ಅವರು ಸೆರಗಿನಲ್ಲಿ ಉಪ್ಪಿನಕಾಯಿಗೆ ಹಾಕುವ ಎಳೆ ಮಾವು, ನಾಲ್ಕು ಅಪ್ಪೆಮಿಡಿ, ಕಟ್ಟಿಕೊಂಡು ಬಂದರು. ಒಂದರ ತೊಟ್ಟು ಮುರಿದು ಅತ್ತೆಯ ಮೂಗಿನ ಹತ್ತಿರ ಹಿಡಿದರು. ಸೊನೆಯ ವಾಸನೆ ನನ್ನವರೆಗೂ ಬಂತು.

"ಮಿಡಿ ಪ್ಯಾಟಿಗೆ ಬಂದಾವ್ರಿ ಅಮ್ಮಾರೆ. ಈ ವರ್ಷ ನಿಮ್ಮ ಮನಿ ಉಪ್ಪಿನಕಾಯಿ ಯಾರು ಹಾಕೋರು?"

ಅತ್ತೆಯ ಮುಖ ಬಾಡಿತು. ಹೊರಗೆ ಕೂತವರು ಉಪ್ಪಿನಕಾಯಿ ಮುಟ್ಟುವಂತಿಲ್ಲ. ಭರಣಿಯ ಹತ್ತಿರ ಹೋಗುವಂತಿಲ್ಲ. ನನ್ನ ಕಡೆ ಕೈ ಮಾಡಿ, "ಅದಕ್ಕೆ ಬತ್ತಿಲ್ಲೆ. ಉಪ್ಪಿನ ಹದವೇ ಗೊತ್ತಿಲ್ಲೆ ಅದಕ್ಕೆ" ಎಂದರು.

"ಹಂಗಾದ್ರ ಮೊದಲು ಈ ರಕ್ತ ನಿಲ್ಲಸೂಣು ಬರ್ರಿ. ನಾಳೆ ಹತ್ತು ಗಂಟೆಗೆ ಹೋಗೂಣು. ನಾನೂ ಇರ್ತೀನಿ."

ಸಾವಿಗೆ ಹೆದರದ ನನ್ನ ಅತ್ತೆ ಮಿಡಿ ಹಾಳಾಗುವುದಕ್ಕೆ ಹೆದರಿ ಮರುದಿನ ಒಂಬತ್ತೂವರೆಗೇ ಸೀರೆ ಉಟ್ಟು ನಿಂತಿದ್ದರು.

ಅಂದು ಆಸ್ಪತ್ರೆಯಲ್ಲಿ ಪರದೆಯ ಆಚೆ ಅಕ್ಕೋರ ದನಿ ಕೇಳುತ್ತಿತ್ತು: "ನನ್ನ ಮಾರಿ ನೋಡ್ರಿ." ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಆದರೆ ದೂರ ಹರಡಿರಲಿಲ್ಲ. ಇನ್ನಷ್ಟು ತಿಂಗಳು ವ್ರತ ಮಾಡಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದರು ಡಾಕ್ಟರು. ನನ್ನ ಗಂಡನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅಕ್ಕೋರೇ ಅಂಗಡಿಗೆ ಹೋಗಿ, ಗಿರಾಕಿಗಳನ್ನು ಹೊರಗೆ ಕಳಿಸಿ ಹೇಳಿದರು. ನನ್ನ ಗಂಡ ಝೆರಾಕ್ಸ್ ಮಶಿನ್ನಿನ ಮೇಲೆ ತಲೆಯಿಟ್ಟು ಅತ್ತರಂತೆ. ಅದನ್ನೂ ಅಕ್ಕೋರು ನನಗೆ ಹೇಳಿದ್ದು ವರ್ಷದ ಮೇಲೆ.

ಐದು ವಾರ ಹುಬ್ಬಳ್ಳಿಯಲ್ಲಿ ಇದ್ದು 'ಕರೆಂಟು' ಕೊಡಿಸಿದೆವು. ನಮ್ಮ ಜನ ರೇಡಿಯೇಶನ್ನಿಗೆ ಅನ್ನುವುದು ಹಾಗೇ. ಅಕ್ಕೋರು ಪ್ರತಿ ಭಾನುವಾರ ಮುಂಡಗೋಡದ ಮೇಲಿನ ಬಸ್ಸಿಗೆ ಬರುತ್ತಿದ್ದರು. ಅತ್ತೆ ಸೊರಗಿ, ಮಾತು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಹೇಗಿದ್ದೀರಿ ಎಂದು ಡಾಕ್ಟರು ಕೇಳಿದರೆ, "ಆರಾಮಿದ್ದಿ." ನೋವಿದೆಯೇ ಎಂದರೆ, "ಇಲ್ಲೆ." ಅಕ್ಕೋರಿಗೆ ಅದೇ ಚಿಂತೆ. ಹೊರಗೆ ಬಂದು, "ರೋಗ ಡಾಕ್ಟರು ನೋಡ್ಕೋತಾರ. ಈ 'ಆರಾಮಿದ್ದಿ' ಅನ್ನೋದನ್ನ ಯಾವ ಕರೆಂಟು ಸುಡಬೇಕೋ" ಎನ್ನುತ್ತಿದ್ದರು. ಊರಿಗೆ ಮರಳಿದ ಮೇಲೂ ಅತ್ತೆ ಹಾಗೇ ಇದ್ದರು. ರಕ್ತ ನಿಂತಿತ್ತು, ತಪಾಸಣೆಗಳು ಒಳ್ಳೆಯ ಸುದ್ದಿ ಕೊಡುತ್ತಿದ್ದವು. ಆದರೆ ಅತ್ತೆ ನಮ್ಮ ಮನೆಯಲ್ಲಿ ನೆಂಟರ ಹಾಗೆ ಬದುಕುತ್ತಿದ್ದರು.

ವಯಸ್ಸಾದವರನ್ನು ಎಂಟು ತಿಂಗಳ ಮೇಲೆ ಎರಡನೆಯ ಸಲ ಕೇಳಬೇಕೆಂದು ಅಧ್ಯಯನದ ನಿಯಮ. ನಮ್ಮ ಮನೆಯ ಫಾರಂ ನಾನು ಮುಟ್ಟಕೂಡದೆಂದು ಅಕ್ಕೋರು ಮೊದಲೇ ಹೇಳಿದ್ದರು. ತಾವೇ ಬಂದು ಹಿತ್ತಲ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತರು. ಜೊತೆಗೆ ಒಂದು ಮೊರದಷ್ಟು ಹಸಿ ಅವರೆಕಾಯಿ. ಇಬ್ಬರೂ ಕಾಯಿ ಸುಲಿಯತೊಡಗಿದರು. ನಾನು ಬಾಗಿಲ ಮರೆಯಲ್ಲಿ ನಿಂತೆ.

ಮೊದಲ ನಾಲ್ಕು ಪ್ರಶ್ನೆಗೆ "ಆರಾಮಿದ್ದಿ." ಐದನೆಯದಕ್ಕೆ ಅತ್ತೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ಅಕ್ಕೋರು ಸುಲಿಯುತ್ತಲೇ ಇದ್ದರು. ಆಮೇಲೆ ಅತ್ತೆ ಶುರು ಮಾಡಿದರು.

"ಮಣಕಾಲು ನೋವು. ಬರ್ಕಳಿ. ರಾತ್ರೆ ನಿದ್ದೆ ಇಲ್ಲೆ. ಕರೆಂಟು ಕೊಟ್ಟ ಮೇಲೆ ಅನ್ನದ ರುಚಿ ಹೋಯ್ದು. ಮಗ ಅಂಗಡಿಯಿಂದ ಬಂದವ ಮೊಬೈಲು ನೋಡ್ತ, ಮಾತಾಡ್ತ್ನಿಲ್ಲೆ. ಈ ವರ್ಷದ ಮಿಡಿ ಅಷ್ಟೂ ಬೂಸಲು ಹಿಡಿಸಿ ಇಟ್ಟಿದ್ದು ಎನ್ನ ಸೊಸೆ. ಮತ್ತೆ ನೀವು, ಅಕ್ಕೋರೆ! ಎನ್ನ ಹಿಡ್ಕಂಡು ಹೋಗಿ ಊರಿಗೆಲ್ಲ ಗೊತ್ತು ಮಾಡಿದ್ರಿ. ಅದೂ ಬರ್ಕಳಿ."

"ಬರದೆ" ಎಂದರು ಅಕ್ಕೋರು. ನಿಜಕ್ಕೂ ಬರೆಯುತ್ತಿದ್ದರು. ಚೌಕಗಳಲ್ಲಿ ಗುರುತು ಹಾಕಿ, ಅಂಚಿನಲ್ಲಿ ಬರೆದು, ಹಾಳೆ ತಿರುಗಿಸಿ ಹಿಂದೆಯೂ ಬರೆದರು. ಅಂಕ ಇಳಿಯುತ್ತಲೇ ಹೋಯಿತು. ಆಮೇಲೆ ಲೆಕ್ಕ ಹಾಕಿದಾಗ ಮೂರು ತಾಲೂಕುಗಳಲ್ಲೇ ಕಡಿಮೆ ಅಂಕ ನಮ್ಮತ್ತೆಯದೇ. ಅಕ್ಕೋರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಇನ್ನೊಂದಿದ್ದು" ಎಂದರು ಅತ್ತೆ. ದನಿ ಇಳಿದಿತ್ತು. "ಎನ್ನ ಸೊಸೆ ಮೂರು ತಾಲೂಕಿನ ಮುದುಕೀರ ಕಷ್ಟ ಕೇಳ್ತು. ಎನ್ನ ಹತ್ರ ಕುತ್ಗಂಡು ಒಂದು ಮಾತು ಕೇಳುಲೆ ಅದಕ್ಕೆ ಪುರ್ಸೊತ್ತಿಲ್ಲೆ."

ಅಕ್ಕೋರು ಅದನ್ನೂ ಬರೆದುಕೊಂಡರು. ಆಮೇಲೆ ಬಾಗಿಲ ಕಡೆ ತಲೆಯೆತ್ತಿ, ಅವರೆಕಾಯಿಯ ಮೊರವನ್ನು ಮಡಿಲಿಗೆ ಎಳೆದುಕೊಂಡು ಬೆಂಚಿನ ತುದಿಗೆ ಸರಿದರು. ಅವರಿಗೂ ಅತ್ತೆಗೂ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ನಾನು ಹೋಗಿ ಕೂತೆ.

"ಕುತ್ಗಂಡ್ಯ?" ಎಂದರು ಅತ್ತೆ. "ಹಂಗಾರೆ ಕೇಳು, ಇನ್ನೂ ಮುಗದ್ದಿಲ್ಲೆ."